ಅಪ್‌ಡೇಟ್: ಸ್ಟ್ರೋಕ್ ಆದ ಅಪ್ಪ ಈಗ ತಾವೇ ಊಟ ಮಾಡುತ್ತಿದ್ದಾರೆ

ಸ್ಟ್ರೋಕ್ ಆದ ಮೇಲೆ ಅಪ್ಪನ ಬಲಗೈಯಲ್ಲಿ ಚಮಚ ನಿಲ್ಲುತ್ತಿಲ್ಲ, ಅವರನ್ನು ಎತ್ತಿ ಕೂರಿಸಿ ಅಮ್ಮನ ಸೊಂಟ ಹಿಡಿದುಕೊಂಡಿದೆ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ದಾವಣಗೆರೆಯಲ್ಲೇ ಸಿಆರ್‌ಸಿ ಇದೆ, ಅಂಗವಿಕಲರ ಪುನರ್ವಸತಿಗೆ ಕೇಂದ್ರ ಸರ್ಕಾರ ನಡೆಸುವ ಸಂಸ್ಥೆ, ಅಲ್ಲಿ ಆಕ್ಯುಪೇಶನಲ್ ಥೆರಪಿಗೆ (ಊಟ, ಬಟ್ಟೆ ಹಾಕೋದು ಇಂಥ ದಿನದ ಕೆಲಸ ತಾವೇ ಮಾಡಲು ಕಲಿಸುವ ಚಿಕಿತ್ಸೆ) ತೋರಿಸಿ ಅಂದವರ ಮಾತೇ ಕೈ ಹಿಡಿಯಿತು. ಅಲ್ಲಿನ ಥೆರಪಿಸ್ಟ್ ಚಮಚದ ಹಿಡಿಗೆ ಫೋಮ್ ಸುತ್ತಿ ದಪ್ಪ ಮಾಡಿಸಿದರು. ಅಂಚು ಎತ್ತರ ಇರುವ ತಟ್ಟೆ, ಅದು ಜಾರದ ಹಾಗೆ ಕೆಳಗೊಂದು ಒದ್ದೆ ಬಟ್ಟೆ. ಅಷ್ಟೇ! ಈಗ ಅನ್ನ ಸಾರು ಅಪ್ಪ ತಾವೇ ತಿನ್ನುತ್ತಾರೆ. ನಿಧಾನ, ಸ್ವಲ್ಪ ಚೆಲ್ಲುತ್ತದೆ, ಆದರೆ ನಾವು ತಿನ್ನಿಸೋಕೆ ಹೋದರೆ ಬೇಡ ಅನ್ನುತ್ತಾರೆ. ರೊಟ್ಟಿ ಮುರಿಯೋದು ಇನ್ನೂ ಆಗಿಲ್ಲ.

ಸ್ಪಂಜಿನ ಚೆಂಡು ಹಿಸುಕಿಸಿ ಅಂತ ತುಂಬಾ ಜನ ಹೇಳಿದ್ದಿರಿ. ಅದು ಅಪ್ಪನಿಗೆ ಆಗಿಬರಲಿಲ್ಲ. ಅವರ ಬೆರಳು ಮೊದಲೇ ಬಿಗಿದು ಮಡಚಿಕೊಂಡಿವೆ. ಹಿಸುಕಿದರೆ ಬಿಗಿತ ಜಾಸ್ತಿ ಆಗಬಹುದು, ಬೆರಳು ಬಿಡಿಸೋದನ್ನೇ ಅಭ್ಯಾಸ ಮಾಡಿಸಿ ಅಂತ ಥೆರಪಿಸ್ಟ್ ಅಂದರು. ಇದು ನನಗೆ ಪೂರ್ತಿ ಹೊಸದು.

ಇನ್ನು ಅಮ್ಮ. ಕಂಕುಳಿಗೆ ಕೈ ಹಾಕಿ ಎತ್ತಲೇಬಾರದಂತೆ, ಸೋತ ಕೈಯ ಭುಜಕ್ಕೆ ಪೆಟ್ಟಾಗುತ್ತದೆ. ಕುರ್ಚಿಯನ್ನು ಬಲ ಇರುವ ಎಡಬದಿಗೆ ಇಟ್ಟು, ಪಾದ ಹಿಂದಕ್ಕೆ ಎಳೆದುಕೊಳ್ಳಲು ಹೇಳಿ, ಮುಂದಕ್ಕೆ ಬಗ್ಗಿಸಿದರೆ ಅಪ್ಪನೇ ಮುಕ್ಕಾಲು ಏಳುತ್ತಾರೆ. ಅಮ್ಮ ಸುಮ್ನೆ ಆಸರೆ ಕೊಟ್ಟರೆ ಸಾಕು. ಶರ್ಟ್ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ.

ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ.