ಸ್ಪ್ಯಾನಿಷ್ ಕಂಡಿಷನಲ್: ‘ತಿನ್ನುತ್ತಿದ್ದೆ’ ಎನ್ನುವುದಕ್ಕೆ ಯಾವ ರೂಪ?

ಪ್ರಶ್ನೆ

ಸ್ಪ್ಯಾನಿಷ್ ಕಲಿಯಲು ತೊಡಗಿ ಒಂದು ವರ್ಷವಾಗುತ್ತ ಬಂತು. ವರ್ತಮಾನ, ಭೂತ, ಭವಿಷ್ಯತ್ ಕಾಲಗಳನ್ನು ಹೆಚ್ಚು ಎಡವದೆ ದಾಟಿದ ನಾನು ‘ಹೀಗಿದ್ದರೆ ಹಾಗಾಗುತ್ತಿತ್ತು’ ಎಂಬಂಥ ಊಹೆಗೆ ಬಳಸುವ ಕಂಡಿಷನಲ್ ರೂಪದ ಬಳಿ ಸಿಕ್ಕಿಹಾಕಿಕೊಂಡಿದ್ದೇನೆ. ಮೊನ್ನೆ ಒಂದು ಪುಟದ ಪತ್ರ ಬರೆದು ಶಿಕ್ಷಕರಿಗೆ ತೋರಿಸಿದಾಗ ಏಳು ಕಡೆ ಕೆಂಪು ಗೆರೆ ಬಿತ್ತು. ‘ಚಿಕ್ಕಂದಿನಲ್ಲಿ ದಿನವೂ ಹಣ್ಣು ತಿನ್ನುತ್ತಿದ್ದೆ’ ಎನ್ನಲು ನಾನು ‘ಕೊಮೆರೀಯಾ’ ಎಂದು ಬರೆದಿದ್ದೆ; ಅದನ್ನು ಹೊಡೆದು ‘ಕೊಮೀಯಾ’ ಎಂದು ತಿದ್ದಿದರು. ಎರಡು ಸಾಲು ಕೆಳಗೆ ‘ಹಸಿವಾಗಿದ್ದರೆ ತಿನ್ನುತ್ತಿದ್ದೆ’ ಎಂಬಲ್ಲಿ ‘ಕೊಮೀಯಾ’ ಎಂದು ಬರೆದರೆ, ಅಲ್ಲಿ ‘ಕೊಮೆರೀಯಾ’ ಬೇಕಿತ್ತಂತೆ. ಕನ್ನಡದಲ್ಲಿ ಎರಡೂ ಒಂದೇ ‘ತಿನ್ನುತ್ತಿದ್ದೆ’ ಆಗಿರುವಾಗ ಇವನ್ನು ಬೇರ್ಪಡಿಸುವುದು ಹೇಗೆ? ಜೊತೆಗೆ, ‘ಸಮಯವಿದ್ದಿದ್ದರೆ’ ಎನ್ನಲು ಬರೆದ ‘ಸಿ ತೆಂದ್ರೀಯಾ ತಿಯೆಂಪೊ’ ಕೂಡ ತಪ್ಪೆಂದು ಹೇಳಿದರು. ಕೊನೆಯದಾಗಿ, ‘ತೆನೆರ್’ ಎಂಬ ಕ್ರಿಯಾಪದ ‘ತೆಂದ್ರೀಯಾ’ ಆಗುವಾಗ ನಡುವೆ ದಕಾರ ಎಲ್ಲಿಂದ ಬರುತ್ತದೆ ಎಂಬುದೂ ನನಗೆ ತಿಳಿಯುತ್ತಿಲ್ಲ.

ಉತ್ತರ 1

ರೂಪರಚನೆಯ ಮಟ್ಟಿಗೆ ಕಂಡಿಷನಲ್ ಸ್ಪ್ಯಾನಿಷ್‌ನ ಅತ್ಯಂತ ಸುಲಭದ ಕಾಲಗಳಲ್ಲಿ ಒಂದು. ಬೇರೆ ಹಲವು ಕಾಲಗಳಲ್ಲಿ ಕ್ರಿಯಾಪದದ ಕೊನೆಯ ‘ಆರ್’, ‘ಎರ್’, ‘ಇರ್’ಗಳನ್ನು ಕಿತ್ತುಹಾಕಿ ಪ್ರತ್ಯಯ ಹಚ್ಚುತ್ತೇವೆ, ಇಲ್ಲಿ ಏನನ್ನೂ ಕೀಳದೆ ಇಡೀ ಮೂಲರೂಪಕ್ಕೇ ಈಯಾ, ಈಯಾಸ್, ಈಯಾ, ಈಯಾಮೊಸ್, ಈಯಾಯಿಸ್, ಈಯಾನ್ ಎಂಬ ಆರು ಪ್ರತ್ಯಯಗಳನ್ನು ಸೇರಿಸುತ್ತೇವೆ. ಮೂರು ಗಣದ ಕ್ರಿಯಾಪದಗಳಿಗೂ ಇವೇ ಪ್ರತ್ಯಯಗಳು: ಆಬ್ಲರೀಯಾ, ಕೊಮೆರೀಯಾ, ಬಿಬಿರೀಯಾ. ಉತ್ತಮ ಪುರುಷ ಮತ್ತು ಪ್ರಥಮ ಪುರುಷಗಳ ಏಕವಚನ ಒಂದೇ ಆಗಿರುವುದರಿಂದ ‘ಯೊ’ ಅಥವಾ ‘ಎಲ್ಯಾ’ ಎಂಬ ಸರ್ವನಾಮವನ್ನು ಕೆಲವೊಮ್ಮೆ ಹೇಳಲೇಬೇಕಾಗುತ್ತದೆ.

‘ಆರ್’ ಗಣದಲ್ಲಿ ನಿಮ್ಮ ಗೊಂದಲಕ್ಕೆ ಎಡೆಯೇ ಇಲ್ಲ, ಏಕೆಂದರೆ ಅಲ್ಲಿ ಇಂಪರ್ಫೆಕ್ಟ್ ರೂಪ, ಅಂದರೆ ಹಿಂದೆ ನಿಜವಾಗಿ ನಡೆಯುತ್ತಿದ್ದುದನ್ನು ಹೇಳುವ ರೂಪ, ‘ಆಬ್ಲಾಬಾ’. ತೊಡಕಿರುವುದು ‘ಎರ್’, ‘ಇರ್’ ಗಣಗಳಲ್ಲಿ ಮಾತ್ರ, ಅಲ್ಲಿ ಎರಡೂ ರೂಪಗಳು ‘ಈಯಾ’ದಲ್ಲಿ ಮುಗಿಯುತ್ತವೆ. ಅಲ್ಲಿ ‘ಈಯಾ’ಕ್ಕೆ ಮೊದಲು ರಕಾರ ಕೇಳಿಸಿದರೆ ಕಂಡಿಷನಲ್, ಕೇಳಿಸದಿದ್ದರೆ ಇಂಪರ್ಫೆಕ್ಟ್ ಎಂದು ತಿಳಿಯಿರಿ.

ಉತ್ತರ 2

ಮೇಲಿನವರು ಹೇಳಿದ ರಕಾರದ ಪರೀಕ್ಷೆ ಬಹುಮಟ್ಟಿಗೆ ಸರಿ, ಆದರೆ ಧಾತುವಿನಲ್ಲೇ ರಕಾರ ಇರುವ ಕಡೆ ಅದು ಕೈಕೊಡುತ್ತದೆ. ‘ಕೊರ್ರೀಯಾ’ ಎಂದರೆ ‘ಓಡುತ್ತಿದ್ದ’ ಎಂಬ ಇಂಪರ್ಫೆಕ್ಟ್; ಅದರ ಕಂಡಿಷನಲ್ ‘ಕೊರ್ರೆರೀಯಾ’. ಎಲ್ಲಕ್ಕಿಂತ ಕಠಿಣವಾದದ್ದು ‘ಅಬ್ರೀಯಾ’: ‘ತೆರೆಯುತ್ತಿದ್ದ’ ಎಂಬ ಅರ್ಥದ ರೂಪವೂ, ‘ಅಬೆರ್’ ಎಂಬ ಸಹಾಯಕ ಕ್ರಿಯಾಪದದ ಕಂಡಿಷನಲ್ ರೂಪವೂ ಕಿವಿಗೆ ಒಂದೇ. ಎರಡನೆಯದರ ಬರವಣಿಗೆಯಲ್ಲಿ ಮೊದಲಿಗೆ ಉಚ್ಚಾರವಿಲ್ಲದ ಒಂದು ಹಕಾರ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ. ಅಲ್ಲಿ ವಾಕ್ಯದ ಅರ್ಥವೇ ದಾರಿ ತೋರಿಸಬೇಕು.

ದಕಾರದ ಪ್ರಶ್ನೆಗೆ ಉತ್ತರ ಈ ರೂಪದ ಹುಟ್ಟಿನಲ್ಲಿದೆ. ಲ್ಯಾಟಿನ್ ಆಡುಮಾತು ಸ್ಪ್ಯಾನಿಷ್ ಆಗುತ್ತಿದ್ದ ಕಾಲದಲ್ಲಿ ಮೂಲರೂಪದ ಪಕ್ಕದಲ್ಲಿ ‘ಅಬೆರ್’ ಕ್ರಿಯಾಪದದ ಇಂಪರ್ಫೆಕ್ಟ್ ‘ಅಬೀಯಾ’ ಬರುತ್ತಿತ್ತು. ‘ತಿನ್ನಲಿಕ್ಕಿತ್ತು’ ಎಂಬಂಥ ಅರ್ಥ. ಕಾಲಕ್ರಮದಲ್ಲಿ ‘ಅಬೀಯಾ’ ಸವೆದು ‘ಈಯಾ’ ಆಗಿ ಕ್ರಿಯಾಪದಕ್ಕೆ ಅಂಟಿಕೊಂಡಿತು. ಹಳೆಯ ಸ್ಪ್ಯಾನಿಷ್ ಬರಹಗಳಲ್ಲಿ ಈ ಎರಡರ ನಡುವೆ ಸರ್ವನಾಮವನ್ನು ತೂರಿಸಿರುವುದೂ ಕಾಣುತ್ತದೆ, ಪೋರ್ಚುಗೀಸ್‌ನ ಔಪಚಾರಿಕ ಬರವಣಿಗೆಯಲ್ಲಿ ಆ ಪದ್ಧತಿ ಇಂದಿಗೂ ಉಳಿದಿದೆ. ಹೀಗೆ ಅಂಟಿದಾಗ ಒತ್ತು ‘ಈ’ ಸ್ವರದ ಮೇಲೆ ಬಿದ್ದು, ಅದರ ಹಿಂದಿನ ಸ್ವರ ಕೆಲವು ಬಳಕೆಯ ಕ್ರಿಯಾಪದಗಳಲ್ಲಿ ಬಿದ್ದುಹೋಯಿತು. ‘ತೆನೆರೀಯಾ’ ಮೊದಲು ‘ತೆನ್‌ರೀಯಾ’ ಆಯಿತು. ನಕಾರದಿಂದ ರಕಾರಕ್ಕೆ ನಾಲಿಗೆ ಸರಿಯುವಾಗ ತಾನಾಗಿ ದಕಾರ ಮೂಡಿ ‘ತೆಂದ್ರೀಯಾ’ ಆಯಿತು. ನೀವೇ ‘ತೆನ್‌ರೀಯಾ’ ಎಂದು ವೇಗವಾಗಿ ನಾಲ್ಕು ಸಲ ಹೇಳಿ ನೋಡಿ, ದಕಾರ ಬಾಯಲ್ಲೇ ಹುಟ್ಟುತ್ತದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಎಕಾರಕ್ಕೆ ಲೋಪ, ದಕಾರಕ್ಕೆ ಆಗಮ.

ಪೊಂದ್ರೀಯಾ, ಬೆಂದ್ರೀಯಾ, ಸಲ್ದ್ರೀಯಾ, ಬಲ್ದ್ರೀಯಾ ಹುಟ್ಟಿದ್ದು ಇದೇ ರೀತಿಯಲ್ಲಿ. ಪೊದ್ರೀಯಾ, ಸಬ್ರೀಯಾ, ಅಬ್ರೀಯಾ, ಕಬ್ರೀಯಾ, ಕೆರ್ರೀಯಾಗಳಲ್ಲಿ ಲೋಪ ಮಾತ್ರ ಇದೆ. ‘ಕೆರೆರ್’ನ ನಡುವಿನ ಸ್ವರ ಬಿದ್ದು ಎರಡು ರಕಾರಗಳು ಕೂಡಿಕೊಂಡಿವೆ. ಆದ್ದರಿಂದ ‘ಕೆರೀಯಾ’ ಎಂದರೆ ‘ಬಯಸುತ್ತಿದ್ದೆ’, ನಾಲಿಗೆ ಅದುರಿಸಿ ‘ಕೆರ್ರೀಯಾ’ ಎಂದರೆ ‘ಬಯಸುವೆನು, ಸಾಧ್ಯವಾದರೆ’ ಎಂಬ ವಿನಯದ ಮಾತು. ‘ಅಸೆರ್’, ‘ದೆಸಿರ್’ ಎರಡೂ ಇನ್ನಷ್ಟು ಮೊಟಕಾಗಿ ಅರೀಯಾ, ದಿರೀಯಾ ಆಗುತ್ತವೆ. ಒಟ್ಟು ಈ 12 ಧಾತುಗಳನ್ನು ಬಾಯಿಪಾಠ ಮಾಡಿದರೆ ಭವಿಷ್ಯತ್ ಕಾಲವೂ ಕೈಗೆ ಬರುತ್ತದೆ, ಏಕೆಂದರೆ ಎರಡಕ್ಕೂ ಧಾತು ಒಂದೇ. ‘ಮಾಂತೆನೆರ್’ನಂಥ ಸಾಧಿತ ಕ್ರಿಯಾಪದಗಳು ಸಾಮಾನ್ಯವಾಗಿ ತಮ್ಮ ಮೂಲವನ್ನೇ ಅನುಸರಿಸುತ್ತವೆ, ಆದರೆ ‘ಹರಸು’ ಎಂಬರ್ಥದ ‘ಬೆಂದೆಸಿರ್’ ‘ದೆಸಿರ್’ನ ಹಾದಿ ಬಿಟ್ಟು ‘ಬೆಂದೆಸಿರೀಯಾ’ ಎಂದೇ ನಿಲ್ಲುತ್ತದೆ.

ಉತ್ತರ 3

ರೂಪದ ವಿಚಾರ ಚೆನ್ನಾಗಿ ಬಂದಿದೆ, ಆದರೆ ನನ್ನ ಅಭಿಪ್ರಾಯದಲ್ಲಿ ಪ್ರಶ್ನೆ ಕೇಳಿದವರ ನಿಜವಾದ ತೊಡಕು ಅರ್ಥದಲ್ಲಿದೆ. ಕನ್ನಡದ ‘ತಿನ್ನುತ್ತಿದ್ದೆ’ ಎರಡು ಕೆಲಸ ಮಾಡುತ್ತದೆ: ನಿಜವಾಗಿ ನಡೆಯುತ್ತಿದ್ದುದನ್ನೂ ಹೇಳುತ್ತದೆ, ನಡೆಯದೆ ಹೋದುದನ್ನೂ ಹೇಳುತ್ತದೆ. ಆದ್ದರಿಂದ ಬರೆಯುವ ಮುನ್ನ ‘ಇದು ನಿಜವಾಗಿ ನಡೆದಿತ್ತೇ?’ ಎಂದು ಕೇಳಿಕೊಳ್ಳಿ. ನಡೆದಿದ್ದರೆ ಕೊಮೀಯಾ. ಬರಿಯ ಊಹೆಯಾಗಿದ್ದರೆ ಕೊಮೆರೀಯಾ. ಹಿಂದೆ ಕೈತಪ್ಪಿ ಹೋದದ್ದಾದರೆ ‘ಅಬ್ರೀಯಾ ಕೊಮಿದೊ’. ಸ್ಪ್ಯಾನಿಷರು ಮಾತಿನಲ್ಲಿ ಕೆಲವೊಮ್ಮೆ ಕಂಡಿಷನಲ್ ಬರಬೇಕಾದಲ್ಲಿ ಇಂಪರ್ಫೆಕ್ಟ್ ಬಳಸುವುದುಂಟು, ಹಾಗಾಗಿ ನಿಮ್ಮ ಎರಡನೆಯ ತಪ್ಪು ಅಷ್ಟೇನೂ ವಿಚಿತ್ರವಲ್ಲ. ಬರವಣಿಗೆಯಲ್ಲಿ ಮಾತ್ರ ಅದನ್ನು ಬಿಡಿ.

‘ಸಿ’ ಹಚ್ಚಿದ ಷರತ್ತಿನ ಭಾಗಕ್ಕೆ ಕಂಡಿಷನಲ್ ಬರುವುದಿಲ್ಲ; ನಿಮ್ಮ ವಾಕ್ಯದಂಥ ಊಹೆಯಲ್ಲಿ ಅಲ್ಲಿ ಸಬ್‌ಜಂಕ್ಟಿವ್, ಅಂದರೆ ವಾಸ್ತವವಲ್ಲದ್ದನ್ನು ಸೂಚಿಸುವ ಇನ್ನೊಂದು ಕ್ರಿಯಾರೂಪ, ಬೇಕು: ‘ಸಿ ತುಬಿಯೆರಾ ತಿಯೆಂಪೊ, ಇರೀಯಾ’, ಅಂದರೆ ‘ಸಮಯವಿದ್ದಿದ್ದರೆ ಹೋಗುತ್ತಿದ್ದೆ’. ಸ್ಪೇನ್‌ನ ಉತ್ತರದಲ್ಲಿ, ಬಾಸ್ಕ್ ಪ್ರದೇಶ, ನವಾರಾ, ಬುರ್ಗೋಸ್ ಕಡೆಯ ಆಡುಮಾತಿನಲ್ಲಿ, ನೀವು ಬರೆದ ‘ಸಿ ತೆಂದ್ರೀಯಾ’ ಕೇಳಿಬರುತ್ತದೆ, ಆದರೆ ಶಿಷ್ಟ ಭಾಷೆ ಅದನ್ನು ಒಪ್ಪುವುದಿಲ್ಲ.

ಕನ್ನಡಿಗರು ಮರೆಯುವ ಇನ್ನೊಂದು ಬಳಕೆಯಿದೆ. ‘ಬರುತ್ತೇನೆ ಎಂದು ಹೇಳಿದಳು’ ಎನ್ನುವಾಗ ನಾವು ಅವಳ ಮಾತನ್ನು ಹಾಗೆಯೇ ಇಟ್ಟು ‘ಎಂದು’ ಸೇರಿಸುತ್ತೇವೆ, ಸ್ಪ್ಯಾನಿಷ್‌ನಲ್ಲಿ ಅದು ‘ದಿಹೊ ಕೆ ಬೆಂದ್ರೀಯಾ’ ಆಗಬೇಕು. ಆಂದ್ರೆಸ್ ಬೆಲ್ಯೊ 1847ರ ತಮ್ಮ ವ್ಯಾಕರಣದಲ್ಲಿ ಈ ಕಾಲಕ್ಕೆ ‘ಪೊಸ್‌ಪ್ರೆತೆರಿತೊ’, ಅಂದರೆ ಭೂತದ ನಂತರದ್ದು, ಎಂಬ ಹೆಸರಿಟ್ಟರು. ಹೇಳಿದ್ದು ಭೂತ, ಬರುವುದು ಅದರ ನಂತರ. ‘ಕಂಡಿಷನಲ್’ ಎಂಬ ಹೆಸರಿಗಿಂತ ಅದು ಇಲ್ಲಿ ಹೆಚ್ಚು ಬೆಳಕು ಚೆಲ್ಲುತ್ತದೆ. ಹಾಗೆಯೇ ‘ಆಗ ಗಂಟೆ ಮೂರಾಗಿದ್ದಿರಬೇಕು’ ಎಂಬ ಅಂದಾಜಿಗೆ ‘ಸೆರೀಯಾನ್ ಲಾಸ್ ತ್ರೆಸ್’ ಎಂದರೆ ಸಾಕು, ಯಾವ ಷರತ್ತೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಪತ್ರವನ್ನು ಮತ್ತೆ ಬರೆದೆ. ಏಳರಲ್ಲಿ ಆರು ಕಡೆ ಈಗ ಕಾರಣವೂ ಗೊತ್ತಾಗಿದೆ. ಉಳಿದದ್ದು ‘ಅವಳು ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ’ ಎಂಬ ವಾಕ್ಯ. ‘ಸಿ’ಯ ನಂತರ ಕಂಡಿಷನಲ್ ಬರಬಾರದೆಂದು ‘ನೊ ಸಬೀಯಾ ಸಿ ಬಿನಿಯೆರಾ’ ಎಂದು ಬರೆದಿದ್ದೇನೆ. ಇದು ಸರಿಯೇ?

ಉತ್ತರ 3ನ್ನು ಬರೆದವರಿಂದ

ಇಲ್ಲಿ ‘ನೊ ಸಬೀಯಾ ಸಿ ಬೆಂದ್ರೀಯಾ’ ಎಂದೇ ಬರೆಯಿರಿ. ನಾನು ನಿಯಮ ಹೇಳಿದ್ದು ಷರತ್ತಿನ ‘ಸಿ’ಗೆ ಮಾತ್ರ, ಅದನ್ನು ಇನ್ನೂ ಸ್ಪಷ್ಟಪಡಿಸಬೇಕಾಗಿತ್ತು. ಇದು ಸಂದೇಹದ ‘ಸಿ’, ಇದರ ಮುಂದೆ ಕಂಡಿಷನಲ್ ಧಾರಾಳವಾಗಿ ಬರುತ್ತದೆ. ಸ್ಪ್ಯಾನಿಷ್ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದರೆ ಕನ್ನಡ ಅವನ್ನು ಬೇರ್ಪಡಿಸಿಯೇ ಹೇಳುತ್ತದೆ: ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದಾಗ ‘ಬಂದಿದ್ದರೆ’ ಎಂದು ‘ರೆ’ ಬಂದರೆ ಅಲ್ಲಿ ಕಂಡಿಷನಲ್ ಬೇಡ, ‘ಬರುತ್ತಾಳೋ’ ಎಂದು ‘ಓ’ ಬಂದರೆ ಬೆಂದ್ರೀಯಾ.