ಉದ್ಯಮ್ ರದ್ದು ಮಾಡಿ, ಇಲ್ಲಾಂದ್ರೆ 90 ದಿನಕ್ಕೆ ಒಪ್ಪಿ ಅಂತಿದ್ದಾರೆ ಕಸ್ಟಮರ್. ಏನು ಮಾಡೋದು?

ಪೀಣ್ಯ ಟರ್ನಿಂಗ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಸಣ್ಣ ಸಿಎನ್‌ಸಿ ಶಾಪ್. ಬುಷ್, ಶಾಫ್ಟ್, ಪಂಪಿನ ಬಿಡಿಭಾಗ ಇಂಥವು ಮಾಡುತ್ತೇವೆ. ಮೆಟೀರಿಯಲ್ ಕಸ್ಟಮರ್‌ದು, ನಮ್ಮದು ಬರೀ ಜಾಬ್ ವರ್ಕ್. ಕೆಲಸದಲ್ಲಿ ಮುಕ್ಕಾಲು ಪಾಲು ಒಂದೇ ದೊಡ್ಡ ಕಂಪನಿಯಿಂದ ಬರುತ್ತದೆ.

ಕಳೆದ ವಾರ ಅವರ ಪರ್ಚೇಸ್ ಡಿಪಾರ್ಟ್‌ಮೆಂಟಿನಿಂದ ಮೇಲ್ ಬಂತು. ಒಂದೋ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸಿದ ನೋಂದಣಿ) ರದ್ದು ಮಾಡಬೇಕಂತೆ, ಇಲ್ಲವೇ 90 ದಿನಕ್ಕೆ ಪೇಮೆಂಟ್ ತಗೊಳ್ಳೋಕೆ ನಮಗೆ ಒಪ್ಪಿಗೆ ಇದೆ ಅಂತ ನಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿ ಕೊಡಬೇಕಂತೆ. ಎರಡೂ ಆಗದಿದ್ದರೆ ಹೊಸ ಪಿಒ (ಪರ್ಚೇಸ್ ಆರ್ಡರ್) ಬಗ್ಗೆ "ಮರುಪರಿಶೀಲನೆ" ಮಾಡುತ್ತಾರಂತೆ. ಸಣ್ಣವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನೋ ರೂಲ್ ಇನ್‌ಕಮ್ ಟ್ಯಾಕ್ಸಿನಲ್ಲಿ ಬಂದಾಗ ಸಂಘದ ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದಿದ್ದೆವು, ನಮ್ಮ ದುಡ್ಡು ಇನ್ನು ಟೈಮಿಗೆ ಬರುತ್ತೆ ಅಂತ. ಈಗ ನೋಡಿದರೆ ಅದೇ ರೂಲ್ ತೋರಿಸಿ ಹೆದರಿಸುತ್ತಿದ್ದಾರೆ.

ಇನ್ನೊಂದು ಕಡೆ ಜಿಎಸ್‌ಟಿ. ನಮ್ಮಂಥ ಜಾಬ್ ವರ್ಕಿಗೆ 2025ರ ಸೆಪ್ಟೆಂಬರ್ 21ರವರೆಗೆ 12% ಇತ್ತು, ಈಗ 18%. ಲಕ್ಷ ರೂಪಾಯಿ ಬಿಲ್ ಮಾಡಿದರೆ ಮುಂದಿನ ತಿಂಗಳು 20ನೇ ತಾರೀಕಿಗೆ 18 ಸಾವಿರ ಲೆಕ್ಕಕ್ಕೆ ಬಂತು. ಟೂಲ್, ಕೂಲಂಟ್ ಮೇಲೆ ಸಿಗುವ ಇನ್‌ಪುಟ್ ಕ್ರೆಡಿಟ್ ತುಂಬ ಕಡಿಮೆ, ಯಾಕೆಂದರೆ ಮೆಟೀರಿಯಲ್ ನಮ್ಮದಲ್ಲ, ಜಾಸ್ತಿ ಖರ್ಚೆಲ್ಲ ಸಂಬಳ ಮತ್ತೆ ಕರೆಂಟಿಗೆ. ಅಂದರೆ ಕಸ್ಟಮರ್ ದುಡ್ಡು ಕೊಡುವ ಮೊದಲೇ ಹೆಚ್ಚುಕಮ್ಮಿ ಪೂರ್ತಿ ತೆರಿಗೆ ನಮ್ಮ ಓಡಿ (ಓವರ್‌ಡ್ರಾಫ್ಟ್ ಸಾಲ) ಅಕೌಂಟಿನಿಂದ ಹೋಗುತ್ತದೆ, ಅದಕ್ಕೆ ಬಡ್ಡಿ ಬೇರೆ.

ಆ ಪತ್ರಕ್ಕೆ ಸಹಿ ಹಾಕಿದರೆ ಅದು ಕಾನೂನಲ್ಲಿ ನಿಲ್ಲುತ್ತಾ? ಉದ್ಯಮ್ ಬಿಟ್ಟರೆ ನಮಗೇನು ಹೋಗುತ್ತೆ? ಅನುಭವ ಇರುವವರು ದಯವಿಟ್ಟು ಹೇಳಿ.

---

ಆಡಿಟರ್ ರಾಜಾಜಿನಗರ

ರದ್ದು ಮಾಡಬೇಡಿ ಸರ್. ಮೊದಲು ಇದನ್ನ ಹೇಳಿಬಿಡುತ್ತೇನೆ, ಆಮೇಲೆ ಕಾರಣ.

ನಿಮಗೆ ರಕ್ಷಣೆ ಕೊಡೋದು ಇನ್‌ಕಮ್ ಟ್ಯಾಕ್ಸ್ ಅಲ್ಲ, 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಮೈಕ್ರೋ, ಸ್ಮಾಲ್, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ. ಅದರ 15ನೇ ಸೆಕ್ಷನ್ ಪ್ರಕಾರ ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಒಪ್ಪಂದ ಇದ್ದರೆ ಅದರಲ್ಲಿ ಬರೆದಷ್ಟು ದಿನ, ಆದರೆ ಯಾವ ಕಾರಣಕ್ಕೂ 45 ದಾಟುವ ಹಾಗಿಲ್ಲ. ಆದ್ದರಿಂದ ನೀವು 90 ಅಂತ ಬರೆದು ಸೀಲ್ ಹಾಕಿದರೂ ಕಾನೂನಿನ ಲೆಕ್ಕಕ್ಕೆ ಅದು 45 ದಿನವೇ. ಆ ಪತ್ರದಿಂದ ಕಂಪನಿಗೆ ತೆರಿಗೆಯಲ್ಲೂ ಏನೂ ಲಾಭವಿಲ್ಲ. ಅವರ ಆಡಿಟರಿಗೆ ಇದು ಗೊತ್ತಿರುತ್ತದೆ, ಪರ್ಚೇಸ್‌ನವರಿಗೆ ಗೊತ್ತಿರೋದಿಲ್ಲ.

ತಡವಾದರೆ 16ನೇ ಸೆಕ್ಷನ್. ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2023ರ ಫೆಬ್ರವರಿಯಿಂದ ಎರಡು ವರ್ಷ ಬ್ಯಾಂಕ್ ರೇಟ್ 6.75 ಇತ್ತು, ಅಂದರೆ ಬಡ್ಡಿ ವರ್ಷಕ್ಕೆ 20.25%. ಆ ಬಡ್ಡಿಯನ್ನು ಕಂಪನಿ ತನ್ನ ಖರ್ಚು ಅಂತ ತೋರಿಸಿ ತೆರಿಗೆ ಉಳಿಸೋಕೂ ಆಗೋದಿಲ್ಲ, 23ನೇ ಸೆಕ್ಷನ್ ಅದನ್ನ ತಡೆಯುತ್ತದೆ.

ಈಗ ನೀವು ಚಪ್ಪಾಳೆ ಹೊಡೆದ ರೂಲಿಗೆ ಬರೋಣ. 2023ರ ಫೈನಾನ್ಸ್ ಆಕ್ಟ್‌ನಲ್ಲಿ 43ಬಿ ಸೆಕ್ಷನ್ನಿಗೆ ಎಚ್ ಅನ್ನೋ ಕಲಂ ಸೇರಿಸಿದರು, 2024-25ರ ಅಸೆಸ್‌ಮೆಂಟ್ ವರ್ಷದಿಂದ ಜಾರಿಗೆ ಬಂತು. ಮೈಕ್ರೋ ಮತ್ತು ಸ್ಮಾಲ್ ಘಟಕಕ್ಕೆ ಟೈಮಿಗೆ ಕೊಡದ ದುಡ್ಡು ಆ ವರ್ಷದ ಖರ್ಚಾಗಿ ಸಿಗೋದಿಲ್ಲ, ಯಾವ ವರ್ಷ ನಿಜವಾಗಿ ಕೊಡುತ್ತಾರೋ ಆ ವರ್ಷ ಸಿಗುತ್ತದೆ. ಓದೋಕೆ ಚೆನ್ನಾಗಿದೆ. ಆದರೆ ಒಂದು ದೊಡ್ಡ ತೂತು ಇದೆ, ಅದನ್ನ ಯಾರೂ ಮೀಟಿಂಗಿನಲ್ಲಿ ಹೇಳೋದಿಲ್ಲ. ಜುಲೈ 1ಕ್ಕೆ ನೀವು ಮಾಲು ಕೊಟ್ಟಿರಿ ಅಂತ ಇಟ್ಟುಕೊಳ್ಳಿ. 45 ದಿನ ಅಂದರೆ ಆಗಸ್ಟ್ 15. ಅವರು ಫೆಬ್ರವರಿಯಲ್ಲಿ ಕೊಟ್ಟರು. ಆರು ತಿಂಗಳು ಲೇಟು, ಆದರೂ ಈ ಕಲಂನಿಂದ ಅವರಿಗೆ ಒಂದು ರೂಪಾಯಿ ಏಟು ಬೀಳೋದಿಲ್ಲ, ಯಾಕೆಂದರೆ ಅದೇ ಹಣಕಾಸು ವರ್ಷದಲ್ಲಿ ಕೊಟ್ಟಾಯಿತು. ಏಟು ಬೀಳೋದು ಗಡುವು ಮುಗಿದ ಬಿಲ್ಲು ಮಾರ್ಚ್ 31ಕ್ಕೆ ಬಾಕಿ ಉಳಿದಿದ್ದರೆ ಮಾತ್ರ. ಇಂಥ ಬಾಕಿ 10 ಲಕ್ಷ ಇದ್ದು ಕಂಪನಿ 25% ತೆರಿಗೆ ಕಟ್ಟುವುದಾದರೆ ಆ ವರ್ಷ ಎರಡೂವರೆ ಲಕ್ಷ ಹೆಚ್ಚಿಗೆ ಹೋಗುತ್ತದೆ, ಸರ್ಚಾರ್ಜ್ ಮತ್ತು ಸೆಸ್ ಬೇರೆ. ಮಾರ್ಚ್ 10ರ ಮಾಲಿಗೆ 45 ದಿನದ ಒಪ್ಪಂದ ಇದ್ದರೆ ಏಪ್ರಿಲ್ 24ರವರೆಗೆ ಸಮಯ ಇದೆ, ಅಷ್ಟರಲ್ಲಿ ಕೊಟ್ಟರೆ ಹಳೇ ವರ್ಷದಲ್ಲೇ ಖರ್ಚು ಸಿಗುತ್ತದೆ. ಹೊಸ ಇನ್‌ಕಮ್ ಟ್ಯಾಕ್ಸ್ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದರೂ ನಿಯಮ ಹೋಗಿಲ್ಲ, ಸೆಕ್ಷನ್ ನಂಬರ್ ಅಷ್ಟೇ ಬದಲು.

ಉದ್ಯಮ್ ಬಿಟ್ಟರೆ ಇದೆಲ್ಲ ಹೋಯಿತು. ಜೊತೆಗೆ ಸಿಜಿಟಿಎಂಎಸ್‌ಇ (ಸಣ್ಣ ಘಟಕಗಳ ಸಾಲಕ್ಕೆ ಜಾಮೀನು ನಿಲ್ಲುವ ಟ್ರಸ್ಟ್) ಗ್ಯಾರಂಟಿಯ ಮೇಲೆ ಆಸ್ತಿ ಅಡವಿಡದೆ ಸಿಗುವ ಸಾಲ ಹೋಯಿತು (2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ), ಸರ್ಕಾರಿ ಟೆಂಡರಿನಲ್ಲಿ ಇಎಂಡಿ (ಮುಂಗಡ ಠೇವಣಿ) ವಿನಾಯಿತಿಯೂ ಹೋಯಿತು. ನಿಮ್ಮ ಓಡಿ ಯಾವ ಸ್ಕೀಮಿನಲ್ಲಿದೆ ಅಂತ ಬ್ಯಾಂಕಿನಲ್ಲಿ ಒಮ್ಮೆ ಕೇಳಿ.

---

ಉದ್ಯಮಬಾಗ್ ಫೌಂಡ್ರಿ

ಬೆಳಗಾವಿಯಿಂದ ನಮಸ್ಕಾರ ರೀ. ನಾವು ಎರಡೂ ಕಡೆ ಇದ್ದೇವೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಸ್ಟಿಂಗ್ ಮಾಡಿ ಪಂಪ್ ಮತ್ತು ವಾಲ್ವ್ ಕಂಪನಿಗಳಿಗೆ ಕೊಡುತ್ತೇವೆ, ಪ್ಯಾಟರ್ನ್ ಮಾಡುವವರು, ಫೆಟ್ಲಿಂಗ್‌ನವರು (ಕಾಸ್ಟಿಂಗ್ ಉಜ್ಜಿ ನಯ ಮಾಡುವವರು), ಮಷೀನಿಂಗ್‌ನವರು ನಮಗೆ ಕೆಲಸ ಮಾಡಿಕೊಡುತ್ತಾರೆ.

ನೋಡ್ರಿ, ನಮ್ಮ ವಹಿವಾಟು 50 ಕೋಟಿ ದಾಟಿದ ವರ್ಷದಿಂದ ನಾವು ಮಧ್ಯಮ ಘಟಕ ಆಗಿಬಿಟ್ಟೆವು. ಮಧ್ಯಮದವರಿಗೆ 45 ದಿನದ ರಕ್ಷಣೆಯೇ ಇಲ್ಲ. ನಮಗೆ ಬರಬೇಕಾದ ದುಡ್ಡು 120 ದಿನಕ್ಕೆ ಬಂದರೆ ಕೇಳೋರಿಲ್ಲ, ನಾವು ಸಣ್ಣವರಿಗೆ ಕೊಡೋದು ಮಾತ್ರ 45 ದಾಟಬಾರದು. ನಡುವಿನ ಎರಡೂವರೆ ತಿಂಗಳ ದುಡ್ಡನ್ನ ಬ್ಯಾಂಕಿನಿಂದ ತಂದು ಹಾಕಿದೆವು. ಆದರೂ ಯಾರಿಗೂ ಉದ್ಯಮ್ ರದ್ದು ಮಾಡಿ ಅಂತ ಹೇಳಲಿಲ್ಲ. ಎಂಟು ಜನ ಇಟ್ಟುಕೊಂಡು ಫೆಟ್ಲಿಂಗ್ ಮಾಡುವವನು ಶನಿವಾರ ಬಟವಾಡೆ ಕೊಡಬೇಕು, ಅವನು ಮುಳುಗಿದರೆ ನಮ್ಮ ಕಾಸ್ಟಿಂಗ್ ಹೊರಗೆ ಹೋಗೋದಿಲ್ಲ. ಇದು ದೊಡ್ಡ ಕಂಪನಿಗಳಿಗೆ ಯಾಕೆ ಗೊತ್ತಾಗೋದಿಲ್ಲ ಅನ್ನೋದೇ ನನ್ನ ಸಿಟ್ಟು.

2025ರ ಏಪ್ರಿಲ್ 1ರಿಂದ ಮಿತಿ ಏರಿಸಿದ್ದಾರೆ. ಮೈಕ್ರೋ ಅಂದರೆ ಯಂತ್ರದ ಮೇಲಿನ ಬಂಡವಾಳ ಎರಡೂವರೆ ಕೋಟಿ, ವಹಿವಾಟು 10 ಕೋಟಿವರೆಗೆ. ಸ್ಮಾಲ್ ಅಂದರೆ 25 ಕೋಟಿ ಮತ್ತು 100 ಕೋಟಿ. ನಾವು ಮತ್ತೆ ಸ್ಮಾಲ್‌ಗೆ ಬಂದೆವು. ಹಾಗೆಯೇ ನಿಮ್ಮ ಕಸ್ಟಮರ್ ಉದ್ಯಮ್ ಇರುವವರನ್ನ ಬಿಟ್ಟು ದೊಡ್ಡವರಿಗೆ ಕೆಲಸ ಕೊಡುತ್ತೇವೆ ಅಂದರೂ ಈಗ ಅದು ಮೊದಲಿನಷ್ಟು ಸುಲಭ ಇಲ್ಲ, ಯಾಕೆಂದರೆ ಆ ದೊಡ್ಡ ಶಾಪ್‌ಗಳಲ್ಲೂ ಎಷ್ಟೋ ಸ್ಮಾಲ್ ಆಗಿವೆ.

ನನ್ನ ಸಲಹೆ: ಪರ್ಚೇಸ್ ಬಿಡಿ, ಅವರ ಫೈನಾನ್ಸ್‌ನವರ ಹತ್ತಿರ ಮಾತಾಡಿ. ಟ್ರೆಡ್ಸ್‌ಗೆ (ಸಣ್ಣವರ ಬಿಲ್ಲಿನ ಮೇಲೆ ದುಡ್ಡು ಸಿಗುವ ಆನ್‌ಲೈನ್ ವೇದಿಕೆ) ಬನ್ನಿ ಅಂತ ಕೇಳಿ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳೆಲ್ಲ 2025ರ ಮಾರ್ಚ್ 31ರೊಳಗೆ ಟ್ರೆಡ್ಸ್‌ನಲ್ಲಿ ನೋಂದಣಿ ಮಾಡಿಸಲೇಬೇಕಿತ್ತು. ಅಲ್ಲಿ ನಿಮ್ಮ ಬಿಲ್ಲನ್ನ ಕಂಪನಿ ಒಪ್ಪಿಕೊಂಡ ಮೇಲೆ ಬ್ಯಾಂಕುಗಳು ಬಿಡ್ ಮಾಡುತ್ತವೆ, ಬಡ್ಡಿ ಮುರಿದುಕೊಂಡು ನಿಮಗೆ ದುಡ್ಡು ಕೊಡುತ್ತವೆ. ಕಂಪನಿ ಆಮೇಲೆ ಬ್ಯಾಂಕಿಗೆ ಕಟ್ಟದೇ ಹೋದರೂ ಬ್ಯಾಂಕು ನಿಮ್ಮ ಬಾಗಿಲಿಗೆ ಬರೋ ಹಾಗಿಲ್ಲ. ಬಡ್ಡಿ ದರವೂ ಕಂಪನಿಯ ಹೆಸರಿನ ಮೇಲೆ ಬೀಳುತ್ತದೆ, ಹಾಗಾಗಿ ನಿಮ್ಮ ಓಡಿಗಿಂತ ಕಡಿಮೆ ಇರುತ್ತದೆ. ಒಂದೇ ತೊಂದರೆ, ನೋಂದಣಿ ಕಡ್ಡಾಯ, ಬಿಲ್ ಒಪ್ಪೋದು ಕಡ್ಡಾಯ ಅಲ್ಲ. ಕೇಳುತ್ತಲೇ ಇರಬೇಕು.

---

ಮಾಚೇನಹಳ್ಳಿ ಫ್ಯಾಬ್

ಶಿವಮೊಗ್ಗದವನು. ಕಾನೂನು ಎಲ್ಲ ಸರಿ ಸರ್, ಆದರೆ ಜಗಳ ಬರೋದು ತಾರೀಕಿನ ಮೇಲೆ. 45 ದಿನ ಅಂತಾರೆ, ಯಾವತ್ತಿಂದ 45?

ನಮ್ಮ ಒಬ್ಬ ಕಸ್ಟಮರ್ ಹೀಗೆ ಮಾಡುತ್ತಿದ್ದರು. ಮಾಲು ಗೇಟ್ ಒಳಗೆ ಹೋಗುತ್ತಿತ್ತು, ಅಸೆಂಬ್ಲಿಗೂ ಹೋಗುತ್ತಿತ್ತು, ಆದರೆ ಸ್ಟೋರ್ಸ್‌ನಲ್ಲಿ ಜಿಆರ್‌ಎನ್ (ಮಾಲು ಬಂತು ಅನ್ನೋ ರಸೀದಿ) ಮಾಡುತ್ತಿರಲಿಲ್ಲ. "ಕ್ಯೂಸಿ ಆಗಬೇಕು" ಅನ್ನೋದು. ಜಿಆರ್‌ಎನ್ ಆದ ದಿನದಿಂದ ಅವರ ಸಿಸ್ಟಮ್‌ನಲ್ಲಿ ಲೆಕ್ಕ ಶುರು. ಬ್ರಾಕೆಟ್ ಫಿಟ್ ಆಗಿ ಗಾಡಿ ರಸ್ತೆಗೆ ಬಂದಿರುತ್ತಿತ್ತು, ನಮ್ಮ ಬಿಲ್ಲಿಗೆ ಇನ್ನೂ ಇನ್‌ಸ್ಪೆಕ್ಷನ್ ಬಾಕಿ.

ಕಾಯ್ದೆಯಲ್ಲಿ ಹಾಗಿಲ್ಲ. ಮಾಲು ತಲುಪಿ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಫೋನಲ್ಲಿ ರಿಜೆಕ್ಷನ್ ಅಂದರೆ ಲೆಕ್ಕಕ್ಕಿಲ್ಲ. ಅದಕ್ಕೆ ಡಿಸಿ (ಡೆಲಿವರಿ ಚಲನ್) ಮೇಲೆ ಸೆಕ್ಯುರಿಟಿ ಹಾಕುವ ಇನ್‌ವರ್ಡ್ ಸೀಲ್ ಇದೆಯಲ್ಲ, ಅದೇ ನಿಮ್ಮ ಅತಿ ದೊಡ್ಡ ಸಾಕ್ಷಿ. ನಮ್ಮ ಡ್ರೈವರಿಗೆ ಈಗ ಒಂದೇ ಮಾತು, ಸೀಲ್, ತಾರೀಕು, ಟೈಮ್, ಸಹಿ ನಾಲ್ಕೂ ಇಲ್ಲದೆ ಗಾಡಿ ತಿರುಗಿಸಬೇಡ, ಸೀಲ್ ಮಸಿ ಸರಿಯಾಗಿ ಬೀಳದಿದ್ದರೆ ಪಕ್ಕದಲ್ಲಿ ಪೆನ್ನಲ್ಲಿ ಬರೆಸು, ಅಲ್ಲೇ ಫೋಟೋ ತೆಗೆದು ವಾಟ್ಸಾಪ್ ಹಾಕು.

ಆ ಕಸ್ಟಮರ್ ಮೇಲೆ ಸಮಾಧಾನ್ ಪೋರ್ಟಲ್‌ನಲ್ಲಿ (ಸಣ್ಣ ಘಟಕಗಳ ಬಾಕಿ ದೂರಿಗೆ ಮಾಡಿದ ಸರ್ಕಾರಿ ವೆಬ್‌ಸೈಟ್) ಕೇಸ್ ಹಾಕಿದೆವು. ಡಿಸಿ ಪ್ರತಿಗಳು ಇದ್ದುದರಿಂದಲೇ ರಾಜಿ ಹಂತದಲ್ಲಿ ಅಸಲು ಪೂರ್ತಿ ಬಂತು. ಬಡ್ಡಿ ಬಿಟ್ಟುಕೊಟ್ಟೆವು. ಕಸ್ಟಮರ್ ಹೋದರು, ಅದನ್ನೂ ಮುಚ್ಚಿಡೋದಿಲ್ಲ. ಆ ಹೊತ್ತಿಗೆ ನಮಗೆ ಬೇರೆ ಇಬ್ಬರು ಕಸ್ಟಮರ್ ಇದ್ದರು, ಅದಕ್ಕೆ ಧೈರ್ಯ ಮಾಡಿದೆವು. ಮುಕ್ಕಾಲು ಕೆಲಸ ಒಬ್ಬರದ್ದೇ ಇರುವ ನಿಮಗೆ ಇವತ್ತೇ ಕೇಸ್ ಹಾಕಿ ಅಂತ ನಾನು ಹೇಳೋದಿಲ್ಲ. ಆದರೆ ದಾಖಲೆ ಇವತ್ತಿನಿಂದಲೇ ಇಡಿ, ಮೂರು ವರ್ಷ ದಾಟಿದ ಬಾಕಿ, ರಾಜಿ ಆಗದಿದ್ದಾಗ ನಡೆಯುವ ಆರ್ಬಿಟ್ರೇಷನ್‌ನಲ್ಲಿ ನಿಲ್ಲೋದು ಕಷ್ಟ.

---

ಆಡಿಟರ್ ರಾಜಾಜಿನಗರ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಎರಡು ಮಾತು ಸೇರಿಸುತ್ತೇನೆ. ಕೌನ್ಸಿಲ್ (ಇಂಥ ಬಾಕಿ ಕೇಸ್ ವಿಚಾರಿಸುವ ಸರ್ಕಾರಿ ಮಂಡಳಿ) ಆರ್ಡರ್ ಕೊಟ್ಟ ಮೇಲೆ ಕಂಪನಿ ಕೋರ್ಟಿಗೆ ಹೋಗಬೇಕೆಂದರೆ 75% ದುಡ್ಡು ಮೊದಲು ಠೇವಣಿ ಇಡಬೇಕು, 19ನೇ ಸೆಕ್ಷನ್. ಹೀಗಾಗಿ ರಾಜಿಗೆ ಬರುವವರು ಜಾಸ್ತಿ. ಮತ್ತೆ, ಮಾಲು ಕೊಡುವ ಮೊದಲೇ ಉದ್ಯಮ್ ಇರಲೇಬೇಕಾ ಅನ್ನೋ ಪ್ರಶ್ನೆಯನ್ನ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ದೊಡ್ಡ ಪೀಠಕ್ಕೆ ಕಳಿಸಿತು. ಇಂಥ ಗೊಂದಲದ ನಡುವೆ ಇರುವ ನೋಂದಣಿಯನ್ನ ರದ್ದು ಮಾಡಿ "ಬೇಕಾದಾಗ ಮತ್ತೆ ಮಾಡಿಸಿದರಾಯಿತು" ಅನ್ನೋದು ತುಂಬ ಅಪಾಯ.

ಉದ್ಯಮ್ ಸರ್ಟಿಫಿಕೇಟ್‌ನಲ್ಲಿ ನಿಮ್ಮ ಚಟುವಟಿಕೆ ಮ್ಯಾನುಫ್ಯಾಕ್ಚರಿಂಗ್ ಅಥವಾ ಸರ್ವೀಸಸ್ ಅಂತ ಇದೆಯಾ ನೋಡಿ. ಟ್ರೇಡಿಂಗ್ ಅಂತ ಬಿದ್ದಿದ್ದರೆ ತಕ್ಷಣ ಸರಿ ಮಾಡಿಸಿ, ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ.

---

ಪೀಣ್ಯ ಟರ್ನಿಂಗ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸರ್ಟಿಫಿಕೇಟ್ ನೋಡಿದೆ, ಮ್ಯಾನುಫ್ಯಾಕ್ಚರಿಂಗ್ ಅಂತಲೇ ಇದೆ. ರದ್ದು ಮಾಡೋದಿಲ್ಲ, ಅದು ತೀರ್ಮಾನ ಆಯಿತು. ಆದರೆ ಮೇಲ್‌ಗೆ ಉತ್ತರ ಕೊಡಬೇಕಲ್ಲ. ಜಗಳ ಆಗಬಾರದು, ಸಹಿಯೂ ಹಾಕಬಾರದು. ಹೇಗೆ ಬರೆಯಲಿ?

ಇನ್ನೊಂದು. ಈ ಮಾರ್ಚ್ ತೂತಿನ ವಿಷಯ ಸಂಘದಿಂದ ಸರ್ಕಾರಕ್ಕೆ ಹೋಗಬೇಕು ಅಲ್ವಾ? ಬಜೆಟ್‌ಗೆ ಮುಂಚೆ ಮನವಿ ಕೊಡುವಾಗ ಸುಮ್ನೆ "ಬಾಕಿ ಬೇಗ ಕೊಡಿಸಿ" ಅಂತ ಬರೆದರೆ ಆಗೋದಿಲ್ಲ.

---

ಉದ್ಯಮಬಾಗ್ ಫೌಂಡ್ರಿ

ಖಂಡಿತ ಹೋಗಬೇಕು ರೀ. ನಾನಾದರೆ ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿ ಅಂತ ಕೇಳುತ್ತೇನೆ. ಕಂಪನಿಗಳು ಹೇಗೂ ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವಾಗ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಲೆಕ್ಕ ಮಾಡುತ್ತವೆ. ಆಗೆಲ್ಲ 45 ದಾಟಿದ ಬಾಕಿ ಇದ್ದರೆ ಅದಕ್ಕೂ ಏಟು ಬೀಳಲಿ. ಮತ್ತೆ ಸಣ್ಣ ಜಾಬ್ ವರ್ಕ್‌ನವರು ದುಡ್ಡು ಬಂದ ಮೇಲೆ ಜಿಎಸ್‌ಟಿ ಕಟ್ಟುವ ಹಾಗಾಗಲಿ. ಈಗ 180 ದಿನದೊಳಗೆ ನಮಗೆ ದುಡ್ಡು ಕೊಡದಿದ್ದರೆ ಕಂಪನಿ ತಗೊಂಡ ಕ್ರೆಡಿಟ್ ವಾಪಸ್ ಕೊಡಬೇಕು ಅಂತ ಇದೆ, ಅದನ್ನೂ 45ಕ್ಕೆ ಇಳಿಸಲಿ. ಒಂದು ಕಾನೂನಿನಲ್ಲಿ 45, ಇನ್ನೊಂದರಲ್ಲಿ 180 ಯಾಕೆ?

---

ಆಡಿಟರ್ ರಾಜಾಜಿನಗರ

180 ಮತ್ತು 45ರ ವಿಷಯ ಮನವಿಯಲ್ಲಿ ಮೊದಲು ಹಾಕಿ, ಕೇಳೋದು ಸುಲಭ, ಅಲ್ಲಗಳೆಯೋದು ಕಷ್ಟ.

ಮೇಲ್‌ಗೆ ಉತ್ತರ ಚಿಕ್ಕದಾಗಿರಲಿ, ಪರ್ಚೇಸ್‌ಗೆ ಬರೆದು ಫೈನಾನ್ಸ್‌ಗೆ ಸಿಸಿ ಹಾಕಿ. ಸಾರಾಂಶ ಹೀಗಿರಲಿ: "ನಮ್ಮದು ಉದ್ಯಮ್ ನೋಂದಾಯಿತ ಮೈಕ್ರೋ ಘಟಕ, ಸರ್ಟಿಫಿಕೇಟ್ ಲಗತ್ತಿಸಿದ್ದೇವೆ. ಎಂಎಸ್‌ಎಂಇಡಿ ಕಾಯ್ದೆ 15ನೇ ಸೆಕ್ಷನ್ ಪ್ರಕಾರ 45 ದಿನಕ್ಕಿಂತ ಹೆಚ್ಚಿನ ಅವಧಿಯ ಪತ್ರ ಕೊಟ್ಟರೂ ತಮ್ಮ ಕಂಪನಿಗೆ ತೆರಿಗೆಯಲ್ಲಿ ಪ್ರಯೋಜನವಾಗುವುದಿಲ್ಲ. ಪಿಒದಲ್ಲಿ 45 ದಿನ ಎಂದು ತಿದ್ದಲು ಅಥವಾ ನಮ್ಮ ಬಿಲ್ಲುಗಳನ್ನು ಟ್ರೆಡ್ಸ್ ಮೂಲಕ ಒಪ್ಪಿಕೊಳ್ಳಲು ಕೋರುತ್ತೇವೆ." ಅಷ್ಟೇ. ಬಡ್ಡಿ, ಕೇಸ್, ಕೌನ್ಸಿಲ್ ಈ ಯಾವ ಮಾತೂ ಈಗ ಬೇಡ.

ಮುಂದಿನ ಬಿಲ್ಲಿನಿಂದ ಉದ್ಯಮ್ ನಂಬರ್ ಬಿಲ್ಲಿನ ಮೇಲೆಯೇ ಪ್ರಿಂಟ್ ಆಗಲಿ. ಸಣ್ಣ ಘಟಕಗಳಿಗೆ 45 ದಿನ ದಾಟಿದ ಬಾಕಿ ಇಟ್ಟುಕೊಂಡ ಕಂಪನಿ ವರ್ಷಕ್ಕೆರಡು ಸಲ, ಏಪ್ರಿಲ್ 30 ಮತ್ತು ಅಕ್ಟೋಬರ್ 31ರೊಳಗೆ, ಕಂಪನಿ ರಿಜಿಸ್ಟ್ರಾರ್‌ಗೆ ಎಂಎಸ್‌ಎಂಇ-1 ಫಾರ್ಮಿನಲ್ಲಿ ಕಾರಣ ಸಮೇತ ತೋರಿಸಬೇಕು. ನಿಮ್ಮ ನಂಬರ್ ಬಿಲ್ಲಿನ ಮೇಲಿದ್ದರೆ "ಇವರು ಎಂಎಸ್‌ಎಂಇ ಅಂತ ನಮಗೆ ಗೊತ್ತಿರಲಿಲ್ಲ" ಅನ್ನೋಕೆ ಆಗೋದಿಲ್ಲ. ಅವರು ಏನು ಉತ್ತರ ಕೊಟ್ಟರು ಅಂತ ಇಲ್ಲೇ ಹಾಕಿ, ಬೇರೆಯವರಿಗೂ ಇದೇ ಮೇಲ್ ಬಂದಿರುತ್ತದೆ.