ಉಪ್ಪುಸೊಳೆ ಮೆತ್ತಗಾಗಿದೆ, ಮೇಲೆ ಬಿಳಿ ಪೊರೆ – ಏನು ಮಾಡುವುದು?

ಹಿತ್ತಿಲಗಿಡ, ಉಡುಪಿ: 4 ಕಿಲೋ ಹಲಸಿನ ಸೊಳೆಗೆ ಅರ್ಧ ಕಿಲೋ ಪುಡಿ ಉಪ್ಪು ಹಾಕಿ ಭರಣಿಯಲ್ಲಿಟ್ಟು 3 ವಾರವಾಯಿತು. ಮೇಲಿನ ಸೊಳೆಗಳು ಮೆತ್ತಗೆ, ನೀರಿನ ಮೇಲೆ ಬಿಳಿ ಪೊರೆ. ಉಳಿಸಬಹುದೇ?

ಭರಣಿ: ಉಪ್ಪು ಸಾಲದು. ಕಿಲೋ ಸೊಳೆಗೆ 200 ಗ್ರಾಂ ಕಲ್ಲುಪ್ಪು ಬೇಕು, ನಿಮ್ಮದು 125 ಅಷ್ಟೇ. ಪುಡಿ ಉಪ್ಪು ಗಂಟು ಕಟ್ಟದಿರಲೆಂದು ಅದಕ್ಕೆ ಬೆರೆಸುವ ಪದಾರ್ಥ ನೀರನ್ನು ಕದಡುತ್ತದೆ. ಭಾರ ಇಟ್ಟಿದ್ದೀರಾ? ಸೊಳೆ ಉಪ್ಪುನೀರಿನಿಂದ ಒಂದಿಂಚು ಮೇಲೆ ಇಣುಕಿದರೂ ಅಲ್ಲಿಂದಲೇ ಬೂಸಲು ಶುರು. ಒಳಗೆ ಹಿಡಿಸುವ ತಟ್ಟೆ ಮುಚ್ಚಿ, ತೊಳೆದು ಒಣಗಿಸಿದ ಕಲ್ಲು ಹೇರಿ. ಪೊರೆ ತೆಳುವಾಗಿದ್ದು ಹುಳಿವಾಸನೆಯಷ್ಟೇ ಇದ್ದರೆ ತೆಗೆದು, ಮೆತ್ತಗಾದದ್ದನ್ನು ಬಿಸಾಡಿ, ಉಪ್ಪು ಸೇರಿಸಿ. ಲೋಳೆ, ಕೊಳೆತ ವಾಸನೆ, ಕಪ್ಪು ಬೂಸಲು ಕಂಡರೆ ಇಡೀ ಭರಣಿ ಗೊಬ್ಬರದ ಗುಂಡಿಗೆ.

ಬಕ್ಕೆಪ್ರಿಯ, ಮಂಗಳೂರು: ಕಾಯಿ ಯಾವುದು? ತುಳುವ (ಮೆತ್ತನೆ ಸೊಳೆಯ ಹಲಸು) ಆದರೆ ಎಷ್ಟು ಉಪ್ಪು ಸುರಿದರೂ ಮೆತ್ತಗೇ. ಬೆಳೆದ ಬಕ್ಕೆ (ಗಟ್ಟಿ ಸೊಳೆಯ ಹಲಸು) ಬೇಕು, ಹಣ್ಣಿನ ಪರಿಮಳ ಬರುವ ಮೊದಲೇ ಕೊಯ್ದದ್ದು. ರೊಟ್ಟಿಗೆ ಬಳಸುವ ಮುನ್ನ ನೀರು ಬದಲಿಸುತ್ತಾ 4–5 ಗಂಟೆ ನೆನೆಸಿ ಹಿಂಡಿ.

ಹಿತ್ತಿಲಗಿಡ: ಬಕ್ಕೆಯೇ. ಭಾರ ಇಟ್ಟಿರಲಿಲ್ಲ. ಉಳಿದ ಕಾಯಿಯನ್ನು ಬಾಟಲಿಗೆ ನೀರು ತುಂಬಿ ಕುದಿಸಿ ಸೀಲ್ ಮಾಡಲೇ?

ಭರಣಿ: ಬೇಡವೇ ಬೇಡ. ಹುಳಿ ಇಲ್ಲದ ಕಾಯಿ, ಗಾಳಿಯಾಡದ ಬಾಟಲಿ: ಬೊಟುಲಿಸಂ ವಿಷಕ್ಕೆ ಹೇಳಿ ಮಾಡಿಸಿದ ಜಾಗ. ಆ ವಿಷ ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಕಣ ಬರೀ ಕುದಿನೀರಿಗೆ ಸಾಯುವುದಿಲ್ಲ. ಫ್ರೀಜರೇ ಸರಿ: 2 ನಿಮಿಷ ಕುದಿನೀರು, ತಕ್ಷಣ ಐಸ್ ನೀರು, ಬಟ್ಟೆಯಲ್ಲಿ ಒರೆಸಿ, ಒಂದು ಹೊತ್ತಿಗೆ ಬೇಕಾದಷ್ಟೇ ಪೊಟ್ಟಣ ಕಟ್ಟಿ –18 ಡಿಗ್ರಿಯಲ್ಲಿಡಿ.